ಗಲ್ಫ್ ರಜೆಯಲ್ಲಿ ಅಪ್ಪ-ಅಮ್ಮನ ಜೊತೆ ಹರಿದ್ವಾರ, ಡೆಹ್ರಾಡೂನ್: ಮೊದಲು ತಾರೀಖಿನ ಲೆಕ್ಕ, ಆಮೇಲೆ ಜಾಗದ ಪಟ್ಟಿ

"ಸಾರ್, ಈ ಸಲ ಊರಿಗೆ ಹೋದಾಗ ಅಪ್ಪ-ಅಮ್ಮನನ್ನ ಹರಿದ್ವಾರ, ಋಷಿಕೇಶ, ಡೆಹ್ರಾಡೂನ್ ಕಡೆ ಕರ್ಕೊಂಡು ಹೋಗ್ಬೇಕು, ಎಷ್ಟು ಖರ್ಚಾಗುತ್ತೆ?" ಲೆಕ್ಕಪತ್ರದ ಕೆಲಸ ಮಾಡುವವನು ಅಂತ ನನ್ನನ್ನು ಈ ಪ್ರಶ್ನೆ ಕೇಳುವವರು ಪ್ರತಿ ವರ್ಷ ಮೇ ತಿಂಗಳ ಹೊತ್ತಿಗೆ ನಾಲ್ಕೈದು ಜನ ಸಿಗುತ್ತಾರೆ. ಖರ್ಚಿನ ಲೆಕ್ಕ ಹಾಕೋದು ಸುಲಭ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಯಾವ ತಾರೀಖಿಗೆ ಹೋಗ್ತೀರಿ?

ನಮ್ಮಲ್ಲಿ ಹೆಚ್ಚಿನವರಿಗೆ ದೊಡ್ಡ ರಜೆ ಸಿಗೋದು ಮಕ್ಕಳ ಶಾಲೆ ಮುಚ್ಚುವ ಜುಲೈ-ಆಗಸ್ಟ್‌ನಲ್ಲಿ. ಹಿಮಾಲಯದ ತಪ್ಪಲಿಗೆ ಹೋಗಲು ವರ್ಷದಲ್ಲಿ ಎಲ್ಲಕ್ಕಿಂತ ಕಷ್ಟದ ಕಾಲ ಕೂಡ ಅದೇ ಜುಲೈ-ಆಗಸ್ಟ್. ಇಲ್ಲಿನ ಕ್ಯಾಲೆಂಡರಿಗೂ ಅಲ್ಲಿನ ಕ್ಯಾಲೆಂಡರಿಗೂ ಹೊಂದಿಕೆ ಆಗೋದಿಲ್ಲ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋಟೆಲ್, ಟಿಕೆಟ್ ಮಾಡಿಸಿದರೆ ಎಷ್ಟು ಉಳಿತಾಯ ಮಾಡಿದರೂ ಪ್ರಯೋಜನ ಇಲ್ಲ.

ಆ ಊರುಗಳು ಎಲ್ಲಿವೆ?

ಉತ್ತರಾಖಂಡ ರಾಜ್ಯ ಹುಟ್ಟಿದ್ದು 2000ದ ನವೆಂಬರ್ 9ರಂದು. ಅದರ ರಾಜಧಾನಿ ಡೆಹ್ರಾಡೂನ್. ಒಂದು ಕಡೆ ಶಿವಾಲಿಕ್ ಗುಡ್ಡಗಳು, ಇನ್ನೊಂದು ಕಡೆ ಹಿಮಾಲಯದ ಮೊದಲ ಸಾಲು, ನಡುವಿನ ಕಣಿವೆಯಲ್ಲಿ ಈ ಊರು ಇದೆ. ಎತ್ತರ ಸುಮಾರು 640 ಮೀಟರ್, ಅಂದರೆ ನಮ್ಮ ಬೆಂಗಳೂರಿಗಿಂತಲೂ ಕಡಿಮೆ. ಹಾಗಾಗಿ "ಹಿಮಾಲಯ ಅಂದ್ರೆ ತಂಪು" ಅಂದುಕೊಂಡು ಮೇ-ಜೂನ್‌ನಲ್ಲಿ ಹೋದರೆ 40 ಡಿಗ್ರಿ ಹತ್ತಿರದ ಬಿಸಿಲೂ ಸಿಗಬಹುದು.

ಡೆಹ್ರಾಡೂನ್‌ನಿಂದ ಋಷಿಕೇಶ ಸುಮಾರು 45 ಕಿ.ಮೀ., ಹರಿದ್ವಾರ ಸುಮಾರು 55 ಕಿ.ಮೀ., ಮಸ್ಸೂರಿ ಸುಮಾರು 35 ಕಿ.ಮೀ. ಮಸ್ಸೂರಿ ಮಾತ್ರ ನಿಜವಾದ ಬೆಟ್ಟದ ಊರು, ಸುಮಾರು 2,000 ಮೀಟರ್ ಎತ್ತರ. ವಿಮಾನ ನಿಲ್ದಾಣ ಇರುವುದು ಜಾಲಿ ಗ್ರಾಂಟ್‌ನಲ್ಲಿ. ಹೆಸರು ಡೆಹ್ರಾಡೂನ್ ವಿಮಾನ ನಿಲ್ದಾಣ ಅಂತಿದ್ದರೂ ಅದು ಋಷಿಕೇಶಕ್ಕೇ ಹತ್ತಿರ. ಮೊದಲು ಋಷಿಕೇಶ ಅಥವಾ ಹರಿದ್ವಾರ ನೋಡುವವರು ಡೆಹ್ರಾಡೂನ್ ಪೇಟೆಗೆ ಹೋಗಿ ತಿರುಗಿ ಬರುವ ಅಗತ್ಯ ಇಲ್ಲ.

ಜುಲೈ-ಆಗಸ್ಟ್ ಯಾಕೆ ಕಷ್ಟ?

ಮೊದಲನೆಯದು ಮಳೆ. ಜೂನ್ ಕೊನೆಗೆ ಶುರುವಾಗುವ ಮಳೆ ಸೆಪ್ಟೆಂಬರ್ ಮಧ್ಯದವರೆಗೂ ಇರುತ್ತದೆ. ನಮ್ಮ ಕರಾವಳಿಯವರಿಗೆ, ಮಲೆನಾಡಿನವರಿಗೆ ಮಳೆ ಹೊಸತಲ್ಲ ನಿಜ. ಆದರೆ ಅಲ್ಲಿನ ಬೆಟ್ಟದ ಮಣ್ಣು ಸಡಿಲ, ರಸ್ತೆ ಇರುವುದು ಬೆಟ್ಟದ ಅಂಚಿನಲ್ಲಿ. ಗುಡ್ಡ ಜಾರಿದರೆ ಬಳಸಿ ಹೋಗಲು ಬೇರೆ ದಾರಿ ಇರುವುದಿಲ್ಲ. 2025ರ ಆಗಸ್ಟ್ 5ರಂದು ಉತ್ತರಕಾಶಿ ಜಿಲ್ಲೆಯ ಧರಾಲಿಯಲ್ಲಿ ಪ್ರವಾಹ ಊರನ್ನೇ ಹೂತುಹಾಕಿತು. ಅದೇ ವರ್ಷ ಸೆಪ್ಟೆಂಬರ್ 16ರಂದು ಡೆಹ್ರಾಡೂನ್ ಪಕ್ಕದ ಸಹಸ್ರಧಾರಾದಲ್ಲಿ ಭಾರೀ ಮಳೆ ಬಂದು ಅಂಗಡಿ, ಹೋಟೆಲ್‌ಗಳು ಕೊಚ್ಚಿಹೋದವು, ಟಪಕೇಶ್ವರ ದೇವಸ್ಥಾನದೊಳಗೆ ನದಿ ನುಗ್ಗಿತು, ಮಸ್ಸೂರಿ ರಸ್ತೆ ಕಡಿದು ಪ್ರವಾಸಿಗರು ಮೇಲೆಯೇ ಸಿಕ್ಕಿಹಾಕಿಕೊಂಡರು. ಸಹಸ್ರಧಾರಾ, ಟಪಕೇಶ್ವರ ಎರಡೂ ಎಲ್ಲರೂ ಹೋಗುವ ಜಾಗಗಳೇ.

ಎರಡನೆಯದು ಕಾವಡ ಯಾತ್ರೆ. ಲಕ್ಷಾಂತರ ಜನ ಹರಿದ್ವಾರದಿಂದ ಗಂಗಾಜಲ ಹೊತ್ತು ನಡೆದೇ ತಮ್ಮ ಊರಿನ ಶಿವಾಲಯಕ್ಕೆ ಹೋಗುತ್ತಾರೆ. ಆ ದಿನಗಳಲ್ಲಿ ದೆಹಲಿ-ಹರಿದ್ವಾರ ಹೆದ್ದಾರಿಯಲ್ಲಿ ವಾಹನಗಳನ್ನು ಬೇರೆ ದಾರಿಗೆ ತಿರುಗಿಸುತ್ತಾರೆ. ರೈಲು, ಬಸ್, ಘಾಟ್ ಎಲ್ಲವೂ ತುಂಬಿರುತ್ತದೆ. ಇಲ್ಲಿ ನಮ್ಮವರು ಒಂದು ವಿಷಯ ಗಮನಿಸಬೇಕು. ಉತ್ತರದಲ್ಲಿ ತಿಂಗಳು ಶುರುವಾಗುವುದು ಹುಣ್ಣಿಮೆಯ ಮರುದಿನ, ನಮ್ಮಲ್ಲಿ ಅಮಾವಾಸ್ಯೆಯ ಮರುದಿನ. ಹಾಗಾಗಿ ಅವರ ಶ್ರಾವಣ ನಮಗಿಂತ ಹದಿನೈದು ದಿನ ಮೊದಲೇ ಬಂದುಬಿಡುತ್ತದೆ. ಊರಿನ ಪಂಚಾಂಗ ನೋಡಿ "ಶ್ರಾವಣ ಇನ್ನೂ ಬಂದಿಲ್ಲ, ಜನ ಕಡಿಮೆ ಇರ್ತಾರೆ" ಅಂತ ಲೆಕ್ಕ ಹಾಕಿದರೆ ಸರಿಯಾಗಿ ಆ ಜನಜಂಗುಳಿಯ ನಡುವೆಯೇ ಇಳಿಯುತ್ತೀರಿ. ಸಾಮಾನ್ಯವಾಗಿ ಇದು ಜುಲೈನಲ್ಲಿ ಬರುತ್ತದೆ. ಅದಕ್ಕೂ ಮುಂಚೆ ಅಧಿಕ ಮಾಸ ಬಂದಿದ್ದರೆ ಆಗಸ್ಟ್‌ವರೆಗೂ ಜಾರುತ್ತದೆ. 2025ರ ಜುಲೈ 27ರಂದು, ಶ್ರಾವಣದ ಒಂದು ಭಾನುವಾರ, ಹರಿದ್ವಾರದ ಮನಸಾ ದೇವಿ ದೇವಸ್ಥಾನದ ಮೆಟ್ಟಿಲುಗಳಲ್ಲಿ ನೂಕುನುಗ್ಗಲಾಗಿ ಜನ ಸತ್ತರು. ಎಪ್ಪತ್ತು ದಾಟಿದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವ ದಿನ ಅಂಥದ್ದಾಗಬಾರದು.

ಹಾಗಾದರೆ ಯಾವಾಗ?

ಮಾರ್ಚ್-ಏಪ್ರಿಲ್ ಮತ್ತು ಅಕ್ಟೋಬರ್-ನವೆಂಬರ್ ಒಳ್ಳೆಯ ಕಾಲ. ಮಾರ್ಚ್ ಕೊನೆಗೆ ಇಲ್ಲಿನ ಭಾರತೀಯ ಶಾಲೆಗಳಲ್ಲಿ ಪರೀಕ್ಷೆ ಮುಗಿದು ಸಣ್ಣ ರಜೆ ಇರುತ್ತದೆ, ಮಕ್ಕಳನ್ನೂ ಕರೆದೊಯ್ಯಬಹುದು. ಆದರೆ 2027ರಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಹರಿದ್ವಾರದಲ್ಲಿ ಅರ್ಧಕುಂಭ ಇದೆ. ಕುಂಭಸ್ನಾನಕ್ಕೇ ಹೋಗುವವರ ಮಾತು ಬೇರೆ, ನೆಮ್ಮದಿಯಾಗಿ ನೋಡಿ ಬರಬೇಕು ಅನ್ನುವವರು ಆ ವರ್ಷದ ವಸಂತ ಬಿಟ್ಟು ಬೇರೆ ಕಾಲ ನೋಡಿಕೊಳ್ಳಿ.

ಅಕ್ಟೋಬರ್‌ನಲ್ಲಿ ಹೋಗುವವರು ಇನ್ನೊಂದು ತಿಳಿದಿರಬೇಕು. ಪ್ರತಿ ವರ್ಷ ದಸರಾದಿಂದ ದೀಪಾವಳಿವರೆಗೆ ಗಂಗಾ ಕಾಲುವೆಯನ್ನು ಸ್ವಚ್ಛ ಮಾಡಲು ಮುಚ್ಚುತ್ತಾರೆ. ಆಗ ಹರ್ ಕಿ ಪೌಡಿಯಲ್ಲಿ ನೀರು ತುಂಬಾ ಕಡಿಮೆ ಇರುತ್ತದೆ. ತುಂಬು ಗಂಗೆಯಲ್ಲಿ ಮುಳುಗು ಹಾಕಬೇಕು ಅನ್ನುವ ಆಸೆಯಿಂದ ಬಂದ ಅಮ್ಮನಿಗೆ ಬೇಸರ ಆಗಬಹುದು. ಆ ದಿನಗಳಲ್ಲಿ ಸ್ನಾನಕ್ಕೆ ಋಷಿಕೇಶ ವಾಸಿ. ಇಲ್ಲವಾದರೆ ದೀಪಾವಳಿ ಕಳೆದ ಮೇಲಿನ ವಾರ ಆರಿಸಿಕೊಳ್ಳಿ.

ಡಿಸೆಂಬರ್ ಕೊನೆ, ಜನವರಿಯಲ್ಲಿ ಚಳಿಗಿಂತ ಮಂಜಿನದೇ ದೊಡ್ಡ ತೊಂದರೆ. ದೆಹಲಿ ಸುತ್ತಮುತ್ತ ದಟ್ಟ ಮಂಜು ಕವಿದು ವಿಮಾನ, ರೈಲು ಗಂಟೆಗಟ್ಟಲೆ ತಡವಾಗುತ್ತವೆ. ಕೆಲವು ರೈಲುಗಳನ್ನು ಆ ತಿಂಗಳುಗಳಲ್ಲಿ ರದ್ದೇ ಮಾಡುತ್ತಾರೆ.

ರಜೆಯನ್ನು ಎರಡು ಭಾಗ ಮಾಡುವ ಲೆಕ್ಕ

ಕಾನೂನಿನ ಪ್ರಕಾರ ಒಂದು ವರ್ಷ ಪೂರೈಸಿದವರಿಗೆ ಯುಎಇ, ಒಮಾನ್, ಬಹ್ರೈನ್, ಕುವೈತ್‌ನಲ್ಲಿ 30 ದಿನದ ವಾರ್ಷಿಕ ರಜೆ. ಸೌದಿಯಲ್ಲಿ 21 ದಿನ, ಒಂದೇ ಕಡೆ 5 ವರ್ಷ ಆದ ಮೇಲೆ 30 ದಿನ. ಕತಾರ್‌ನಲ್ಲಿ 3 ವಾರ, 5 ವರ್ಷದ ಮೇಲೆ 4 ವಾರ. ಇದನ್ನು ಒಮ್ಮೆಲೇ ತೆಗೆದುಕೊಳ್ಳುವುದು ನಮ್ಮ ಅಭ್ಯಾಸ. ಆದರೆ ಕಂಪನಿ ಒಪ್ಪಿದರೆ ಭಾಗ ಮಾಡಿಯೂ ತೆಗೆದುಕೊಳ್ಳಬಹುದು.

"ಎರಡು ಸಲ ಹೋದರೆ ಎರಡು ಟಿಕೆಟ್ ಆಗುತ್ತಲ್ಲ" ಅಂತ ಕೇಳ್ತಾರೆ. ಹೌದು. ಆದರೆ ಕುಟುಂಬ ಇಲ್ಲೇ ಇರುವವರು ಜುಲೈನಲ್ಲಿ ನಾಲ್ಕು ಜನರ ಟಿಕೆಟಿಗೆ ಕೊಡುವ ದುಡ್ಡನ್ನು, ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಒಬ್ಬರೇ ಹತ್ತು-ಹನ್ನೆರಡು ದಿನಕ್ಕೆ ಹೋಗಿ ಬರುವ ಟಿಕೆಟಿನ ದರದ ಪಕ್ಕ ಇಟ್ಟು ನೋಡಿ. ಸಾಮಾನ್ಯವಾಗಿ ಶಾಲಾ ರಜೆಯ ದರ ಕೆಳಗಿಳಿದಿರುತ್ತದೆ, ಹಬ್ಬದ ವಾರ ಮಾತ್ರ ತಪ್ಪಿಸಿದರೆ ಸಾಕು. ಒಬ್ಬಂಟಿಯಾಗಿ ಇರುವವರು ಎರಡು ವರ್ಷಕ್ಕೊಮ್ಮೆ ಸಿಗುವ ಕಂಪನಿ ಟಿಕೆಟನ್ನೇ ಈ ತಿಂಗಳುಗಳಿಗೆ ಕೇಳಿಕೊಳ್ಳಬಹುದು.

ಇನ್ನೊಂದು ಲೆಕ್ಕವೂ ಇದೆ, ಅದು ಯಾವ ಲೆಡ್ಜರಿನಲ್ಲೂ ಬರುವುದಿಲ್ಲ. ಅಪ್ಪನಿಗೆ ಈಗ 70 ಅಂತಿಟ್ಟುಕೊಳ್ಳಿ. ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುವವರಿಗೆ, ಅವರು 76 ಆಗುವುದರೊಳಗೆ ಸಿಗುವುದು ಮೂರೇ ರಜೆ. ಅದರಲ್ಲಿ ಒಂದು ತಂಗಿಯ ಮದುವೆಗೆ, ಒಂದು ಮನೆ ಕಟ್ಟುವ ಕೆಲಸಕ್ಕೆ ಹೋದರೆ ಉಳಿಯುವುದು ಒಂದು. "ಮುಂದಿನ ಸಲ ನೋಡೋಣ" ಅನ್ನುವ ಮಾತಿಗೂ ಒಂದು ಬೆಲೆ ಇದೆ. ಆ ಒಂದು ರಜೆ ಮಳೆಯಲ್ಲಿ ಹಾಳಾಗಬಾರದು ಅಂತಲೇ ತಾರೀಖಿನ ಬಗ್ಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

30 ದಿನ ಹೇಗೆ ಹಂಚಬೇಕು?

ಪೂರ್ತಿ ತಿಂಗಳ ರಜೆಯವರು ಹೀಗೆ ಬರೆದುಕೊಳ್ಳಿ. ಹೋಗಿ-ಬರುವ ಪ್ರಯಾಣಕ್ಕೆ 2 ದಿನ. ಬ್ಯಾಂಕ್, ಆಧಾರ್, ಮನೆ ರಿಪೇರಿ, ಮದುವೆ-ಮುಂಜಿ, ನೆಂಟರ ಮನೆಗೆ 10 ದಿನ. ಪ್ರವಾಸಕ್ಕೆ 8 ದಿನ. ಮೀಸಲು 5 ದಿನ. ಒಟ್ಟು 25. ಉಳಿದ 5 ದಿನ ಮನೆಯಲ್ಲಿ ಸುಮ್ಮನೆ ಕೂತು ಅಮ್ಮನ ಕೈಯ ಊಟ ಮಾಡಲು.

ಆ 5 ಮೀಸಲು ದಿನ ಪ್ರವಾಸ ಮುಗಿದ ಮೇಲೆ, ಗಲ್ಫ್ ವಿಮಾನಕ್ಕೆ ಮೊದಲು ಬರಬೇಕು. ಪ್ರವಾಸವನ್ನು ರಜೆಯ ಕೊನೆಯ ವಾರಕ್ಕೆ ಇಡಬೇಡಿ, ಎರಡನೇ ವಾರಕ್ಕೆ ಇಟ್ಕೊಳ್ಳಿ. ರಸ್ತೆ ಮುಚ್ಚಿತು, ಅಪ್ಪನಿಗೆ ಜ್ವರ ಬಂತು, ರೈಲು ತಪ್ಪಿತು ಅಂದರೆ ಈ ದಿನಗಳು ಕಾಯುತ್ತವೆ. ತಿಂಗಳಿಗೆ 3,000 ದಿರ್ಹಮ್ ಸಂಬಳದವರಿಗೆ ಒಂದು ದಿನ ತಡವಾದರೆ 100 ದಿರ್ಹಮ್ ಹೋಗುತ್ತದೆ, ಜೊತೆಗೆ ಟಿಕೆಟ್ ಬದಲಾಯಿಸುವ ಶುಲ್ಕ, ದರದ ವ್ಯತ್ಯಾಸ ಕೊಡಬೇಕು. ಸೌದಿಯವರಿಗೆ ಎಕ್ಸಿಟ್ ರೀ-ಎಂಟ್ರಿ ವೀಸಾದ ಅವಧಿಯೂ ತಲೆಯ ಮೇಲೆ ಇರುತ್ತದೆ. ಐದು ಮೀಸಲು ದಿನ ಬಳಕೆಯಾಗದೆ ಉಳಿದರೆ ಅದು ನಷ್ಟವಲ್ಲ, ಮನೆಯಲ್ಲೇ ಕಳೆಯುತ್ತೀರಿ.

ಟಿಕೆಟ್ ವಿಚಾರ

ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಮತ್ತು ರಾಜಧಾನಿ, ಮಂಗಳೂರು-ಉಡುಪಿ ಕಡೆಯವರಿಗೆ ಕೊಂಕಣ ಮಾರ್ಗದ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ದೆಹಲಿಗೆ ಇವೆ. ದೆಹಲಿಯಿಂದ ಬೆಳಿಗ್ಗೆ ಶತಾಬ್ದಿ, ಸಂಜೆ ಆನಂದ ವಿಹಾರದಿಂದ 2023ರಲ್ಲಿ ಶುರುವಾದ ವಂದೇ ಭಾರತ್ ಡೆಹ್ರಾಡೂನ್‌ಗೆ ಹೋಗುತ್ತವೆ, ಎರಡೂ ಹರಿದ್ವಾರದಲ್ಲಿ ನಿಲ್ಲುತ್ತವೆ. ಎರಡು ಹಗಲು, ಎರಡು ರಾತ್ರಿ ರೈಲಿನಲ್ಲಿ ಕೂರಲು ವಯಸ್ಸಾದವರಿಗೆ ಕಷ್ಟ ಅನಿಸಿದರೆ ದೆಹಲಿವರೆಗೆ ವಿಮಾನ, ಅಲ್ಲಿಂದ ಹರಿದ್ವಾರಕ್ಕೆ ಹಗಲು ರೈಲು ಒಳ್ಳೆಯ ಜೋಡಣೆ.

2024ರ ನವೆಂಬರ್ 1ರಿಂದ ರೈಲು ಬುಕಿಂಗ್ ತೆರೆಯುವುದು ಪ್ರಯಾಣಕ್ಕೆ 60 ದಿನ ಮೊದಲು. ಹಿಂದಿನ ಹಾಗೆ 120 ದಿನ ಅಲ್ಲ. ಅಕ್ಟೋಬರ್ 20ರ ಟಿಕೆಟ್ ಬೇಕಾದರೆ ಆಗಸ್ಟ್ 21ಕ್ಕೆ ತೆರೆಯುತ್ತದೆ. ಭಾರತದ ಬೆಳಿಗ್ಗೆ 8 ಗಂಟೆ ಅಂದರೆ ದುಬೈ, ಮಸ್ಕತ್‌ನಲ್ಲಿ 6.30, ಸೌದಿ, ಕತಾರ್, ಕುವೈತ್, ಬಹ್ರೈನ್‌ನಲ್ಲಿ 5.30. ಡ್ಯೂಟಿಗೆ ಹೊರಡುವ ಮೊದಲೇ ಮುಗಿಸಬಹುದು. ಆದರೆ ಬುಕಿಂಗ್ ತೆರೆಯುವ ಮೊದಲ ದಿನದ ಆರಂಭದ ಹೊತ್ತು, ಮತ್ತು ತತ್ಕಾಲ್ ಟಿಕೆಟ್, ಆಧಾರ್ ದೃಢೀಕರಣ ಆದ ಐಆರ್‌ಸಿಟಿಸಿ ಖಾತೆಗಳಿಗೆ ಮಾತ್ರ. ನಮ್ಮಲ್ಲಿ ಎಷ್ಟೋ ಜನರ ಆಧಾರಿಗೆ ಜೋಡಿಸಿದ ಊರಿನ ಸಿಮ್ ರೀಚಾರ್ಜ್ ಇಲ್ಲದೆ ಸತ್ತಿರುತ್ತದೆ, ಒಟಿಪಿ ಬರುವುದಿಲ್ಲ. ಊರಿನಲ್ಲಿರುವ ತಮ್ಮನೋ ತಂಗಿಯೋ ಅವರ ಖಾತೆಯಿಂದ ಮಾಡಿಸುವುದು ಸುಲಭ.

ಹಿರಿಯ ನಾಗರಿಕರ ರೈಲು ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಆದರೆ ಕೆಳಗಿನ ಬರ್ತ್‌ನ ಕೋಟಾ ಇದೆ: ಗಂಡಸರಿಗೆ 60, ಹೆಂಗಸರಿಗೆ 45 ವರ್ಷ ದಾಟಿರಬೇಕು, ಒಂದು ಟಿಕೆಟಿನಲ್ಲಿ ಅಂಥ ಒಬ್ಬರು ಅಥವಾ ಇಬ್ಬರು ಮಾತ್ರ ಇರಬೇಕು. ಐದು ಜನರ ಹೆಸರನ್ನು ಒಂದೇ ಟಿಕೆಟಿಗೆ ಹಾಕಿದರೆ ಈ ಅನುಕೂಲ ಸಿಗುವುದಿಲ್ಲ. ಅಪ್ಪ-ಅಮ್ಮನಿಗೆ ಬೇರೆ, ನಿಮಗೆ ಬೇರೆ ಟಿಕೆಟ್ ಮಾಡಿಸಿ.

ಇಲ್ಲಿಂದ ನೇರ ದೆಹಲಿಗೆ ಇಳಿದು ಅಲ್ಲಿಂದ ಡೆಹ್ರಾಡೂನ್ ವಿಮಾನ ಹಿಡಿಯುವವರು ಸಮಯ ಧಾರಾಳವಾಗಿ ಬಿಟ್ಟುಕೊಳ್ಳಿ. ಇಮಿಗ್ರೇಷನ್, ಲಗೇಜ್, ಕಸ್ಟಮ್ಸ್ ಎಲ್ಲ ದೆಹಲಿಯಲ್ಲೇ ಮುಗಿಯಬೇಕು. ಮುಂದಿನ ವಿಮಾನ ಬೇರೆ ಟರ್ಮಿನಲ್‌ನಲ್ಲಿ ಇರಬಹುದು. ಎರಡೂ ಟಿಕೆಟ್ ಬೇರೆ ಬೇರೆ ಮಾಡಿಸಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ದುಡ್ಡು ನಿಮ್ಮದೇ ಹೋಗುತ್ತದೆ.

8 ದಿನದ ಒಂದು ನಿಧಾನದ ಯೋಜನೆ

1ನೇ ದಿನ: ಊರಿಂದ ದೆಹಲಿ, ರಾತ್ರಿ ಅಲ್ಲೇ ವಿಶ್ರಾಂತಿ.

2ನೇ ದಿನ: ಬೆಳಗಿನ ರೈಲಿನಲ್ಲಿ ಹರಿದ್ವಾರ. ಸಂಜೆ ಹರ್ ಕಿ ಪೌಡಿಯ ಗಂಗಾ ಆರತಿ. ಆರತಿಯ ಹೊತ್ತು ಸೂರ್ಯಾಸ್ತದ ಜೊತೆ ಬದಲಾಗುತ್ತದೆ, ಒಂದು ಗಂಟೆ ಮೊದಲೇ ಹೋಗಿ ಕೂರಿ. ನೀರು ಬೇಸಿಗೆಯಲ್ಲೂ ಕೊರೆಯುತ್ತದೆ, ಸೆಳೆತ ಜೋರು. ಸ್ನಾನ ಮಾಡುವಾಗ ಘಾಟಿನ ಸರಪಳಿ ಬಿಡಬಾರದು.

3ನೇ ದಿನ: ಹರಿದ್ವಾರದಲ್ಲೇ. ಮನಸಾ ದೇವಿ, ಚಂಡಿ ದೇವಿ ಎರಡಕ್ಕೂ ರೋಪ್‌ವೇ ಇದೆ. ಎರಡರಲ್ಲಿ ಒಂದು ಸಾಕು, ಬೆಳಿಗ್ಗೆ ಬೇಗ ಹೋಗಿ.

4ನೇ ದಿನ: ಋಷಿಕೇಶ. ಹಳೆಯ ಲಕ್ಷ್ಮಣ ಝೂಲಾ ತೂಗುಸೇತುವೆಯನ್ನು ಸುರಕ್ಷತೆಯ ಕಾರಣಕ್ಕೆ ಮುಚ್ಚಿದ್ದಾರೆ. ನದಿ ದಾಟಲು ರಾಮ ಝೂಲಾ, 2020ರಲ್ಲಿ ತೆರೆದ ಜಾನಕಿ ಸೇತು ಇವೆ. ಸ್ವಾಮಿ ಶಿವಾನಂದರ ಆಶ್ರಮಕ್ಕೆ ಹೋಗುವ ದಕ್ಷಿಣ ಕನ್ನಡದವರಿಗೆ ಸಂತೋಷ ಆಗುವ ವಿಷಯ: ಅವರ ನಂತರ ದಶಕಗಳ ಕಾಲ ಆ ಸಂಸ್ಥೆಯ ಅಧ್ಯಕ್ಷರಾಗಿದ್ದ ಸ್ವಾಮಿ ಚಿದಾನಂದರು ಹುಟ್ಟಿದ್ದು ಮಂಗಳೂರಿನಲ್ಲಿ. ಅಲ್ಲಿಯೇ ಪ್ರಧಾನ ಕಾರ್ಯದರ್ಶಿಯಾಗಿದ್ದ ಸ್ವಾಮಿ ಕೃಷ್ಣಾನಂದರು ಪುತ್ತೂರಿನವರು.

5ನೇ ದಿನ: ಡೆಹ್ರಾಡೂನ್‌ಗೆ ಬಂದು ಮಧ್ಯಾಹ್ನ ಅರಣ್ಯ ಸಂಶೋಧನಾ ಸಂಸ್ಥೆ. 1906ರಲ್ಲಿ ಶುರುವಾದ ಸಂಸ್ಥೆ ಇದು. ದೊಡ್ಡ ಕಂಬಗಳ ಕೆಂಪು ಇಟ್ಟಿಗೆ ಕಟ್ಟಡ, ಮರಗಳ ನಡುವೆ ಸಮತಟ್ಟಾದ ದಾರಿ, ಮಂಡಿ ನೋವಿರುವವರೂ ಆರಾಮಾಗಿ ನಡೆಯಬಹುದು.

6ನೇ ದಿನ: ಮಸ್ಸೂರಿಗೆ ಹೋಗಿ ಸಂಜೆ ವಾಪಸ್. ಶನಿವಾರ, ಭಾನುವಾರ ದೆಹಲಿಯ ಕಾರುಗಳೆಲ್ಲ ಅಲ್ಲೇ ಇರುತ್ತವೆ, ಈ ದಿನ ಮಂಗಳವಾರದಿಂದ ಗುರುವಾರದ ಒಳಗೆ ಬರುವ ಹಾಗೆ ನೋಡಿಕೊಳ್ಳಿ. ದಾರಿ ತುಂಬ ತಿರುವು, ವಾಂತಿ ಆಗುವವರಿಗೆ ಹೊರಡುವ ಮೊದಲೇ ಮಾತ್ರೆ ಕೊಡಿ.

7ನೇ ದಿನ: ಏನೂ ಇಲ್ಲ. ವಿಶ್ರಾಂತಿ, ಸ್ವಲ್ಪ ಬಜಾರ್. 8ನೇ ದಿನ: ಜಾಲಿ ಗ್ರಾಂಟ್‌ನಿಂದ ವಿಮಾನದಲ್ಲಿ ಊರಿಗೆ.

ನಮ್ಮ ಓದುಗರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ರೂರ್ಕಿ ಹತ್ತಿರದ ಪಿರಾನ್ ಕಲಿಯರ್ ದರ್ಗಾ, ಡೆಹ್ರಾಡೂನ್‌ನ ಕ್ಲೆಮೆಂಟ್ ಟೌನಿನ ಟಿಬೆಟಿಯನ್ ಬೌದ್ಧ ಮಠ, ಯಮುನೆಯ ದಡದ ಪಾಂವ್ಟಾ ಸಾಹಿಬ್ ಗುರುದ್ವಾರ ಇವೆಲ್ಲ ಒಂದು ದಿನದಲ್ಲಿ ಹೋಗಿ ಬರುವಷ್ಟು ಹತ್ತಿರ. ಹರಿದ್ವಾರ, ಋಷಿಕೇಶ ಪಟ್ಟಣದೊಳಗೆ ಮಾಂಸಾಹಾರ, ಮದ್ಯ ಸಿಗುವುದಿಲ್ಲ, ಮೊದಲೇ ತಿಳಿದಿರಲಿ.

"ಅಷ್ಟು ದೂರ ಹೋಗಿ ಕೇದಾರನಾಥ, ಬದರಿ ಬಿಟ್ಟು ಬರೋದಾ?" ಅಂತ ಮನೆಯಲ್ಲಿ ಯಾರಾದರೂ ಕೇಳೇ ಕೇಳ್ತಾರೆ. ಕೇದಾರನಾಥ 3,500 ಮೀಟರಿಗೂ ಎತ್ತರ, ಗೌರಿಕುಂಡದಿಂದ 16 ಕಿ.ಮೀ.ಗೂ ಹೆಚ್ಚು ಏರುದಾರಿ, ಸರ್ಕಾರದ ನೋಂದಣಿ ಕಡ್ಡಾಯ. ಅದು 8 ದಿನದೊಳಗೆ ತುರುಕುವ ಯಾತ್ರೆ ಅಲ್ಲ. ಡಾಕ್ಟರಿಗೆ ತೋರಿಸಿ, ಬೇರೆಯೇ ರಜೆಯಲ್ಲಿ ಮಾಡಬೇಕಾದ್ದು.

ದುಡ್ಡು ಕೊಡುವಾಗ

ಟ್ಯಾಕ್ಸಿ ಮಾತಾಡುವಾಗ "ದಿನಕ್ಕೆ ಎಷ್ಟು" ಅಂತ ಮಾತ್ರ ಕೇಳಬೇಡಿ. ಟೋಲ್, ಪಾರ್ಕಿಂಗ್, ಡ್ರೈವರ್ ಬಾಟಾ, ಬೇರೆ ರಾಜ್ಯದ ತೆರಿಗೆ ಎಲ್ಲ ಸೇರಿ ಒಟ್ಟು ಎಷ್ಟು ಅಂತ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಹೋಟೆಲ್, ಹೆಲಿಕಾಪ್ಟರ್ ಹೆಸರಿನಲ್ಲಿ ನಕಲಿ ವೆಬ್‌ಸೈಟ್‌ಗಳು ಬಹಳ ಇವೆ. ಕೇದಾರನಾಥ ಹೆಲಿಕಾಪ್ಟರ್ ಟಿಕೆಟ್ ಐಆರ್‌ಸಿಟಿಸಿಯ ಹೆಲಿಯಾತ್ರಾ ತಾಣದಲ್ಲಿ ಮಾತ್ರ. ಸರ್ಕಾರಿ ವಸತಿಗೃಹಗಳು ಗಢ್ವಾಲ್ ಮಂಡಲ ವಿಕಾಸ ನಿಗಮದ್ದು, ಈ ಎಲ್ಲ ಊರುಗಳಲ್ಲೂ ಇವೆ. ವಾಟ್ಸಾಪಿನಲ್ಲಿ ಬಂದ ಕ್ಯೂಆರ್ ಕೋಡಿಗೆ ಇಲ್ಲಿಂದಲೇ ಪೂರ್ತಿ ಹಣ ಹಾಕಬೇಡಿ.

ಯುಎಇ, ಸೌದಿ, ಒಮಾನ್, ಕತಾರ್ ಮೊಬೈಲ್ ನಂಬರಿನಲ್ಲೇ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಗೆ ಯುಪಿಐ ಜೋಡಿಸಲು 2023ರಿಂದ ಅವಕಾಶ ಇದೆ. ನಿಮ್ಮ ಬ್ಯಾಂಕ್ ಕೊಡುತ್ತದೆಯೇ ಅಂತ ಹೊರಡುವ ಮೊದಲೇ ಕೇಳಿ. ಒಟ್ಟು ಬಜೆಟಿನ ಮೇಲೆ ನೂರಕ್ಕೆ 15ರಷ್ಟು ತುರ್ತು ಹಣ ಬೇರೆ ಇಟ್ಟುಕೊಳ್ಳಿ. ಅಪ್ಪ-ಅಮ್ಮನ ಮಾತ್ರೆ ಹತ್ತು ದಿನಕ್ಕೆ ಬೇಕಾದಷ್ಟು, ಡಾಕ್ಟರ್ ಚೀಟಿಯ ಸಮೇತ ಕೈಚೀಲದಲ್ಲೇ ಇರಲಿ. ಆ ಭಾಗದ ದೊಡ್ಡ ಸರ್ಕಾರಿ ಆಸ್ಪತ್ರೆ ಋಷಿಕೇಶದ ಏಮ್ಸ್.

ಜುಲೈ ಬಿಟ್ಟು ಬೇರೆ ರಜೆ ಸಿಗುವುದೇ ಇಲ್ಲ ಅನ್ನುವವರಿಗೆ

ಕೆಲವರಿಗೆ ನಿಜಕ್ಕೂ ಬೇರೆ ದಾರಿ ಇಲ್ಲ. ಅಂಥವರು ಉತ್ತರದ ಶ್ರಾವಣ ಶುರುವಾಗುವ ಮೊದಲಿನ ವಾರ, ಇಲ್ಲವೇ ಕಾವಡ ಯಾತ್ರೆ ಮುಗಿಸುವ ಅವರ ಶ್ರಾವಣ ಶಿವರಾತ್ರಿ ಕಳೆದ ಮೇಲಿನ ವಾರ ಆರಿಸಿಕೊಳ್ಳಿ. ಸೋಮವಾರ, ಭಾನುವಾರ ತಪ್ಪಿಸಿ. ಹರಿದ್ವಾರ, ಋಷಿಕೇಶ, ಡೆಹ್ರಾಡೂನ್ ಪೇಟೆ ಇಷ್ಟಕ್ಕೇ ನಿಲ್ಲಿಸಿ, ಮಸ್ಸೂರಿ ಬೇಡ, ಹೊಳೆ-ಜಲಪಾತದ ಜಾಗ ಬೇಡ. ರಾಫ್ಟಿಂಗ್ ಹೇಗೂ ಆಗ ಬಂದ್ ಇರುತ್ತದೆ. ಹವಾಮಾನ ಇಲಾಖೆ ಕೆಂಪು ಅಥವಾ ಕಿತ್ತಳೆ ಎಚ್ಚರಿಕೆ ಕೊಟ್ಟ ದಿನ ಕೋಣೆಯಲ್ಲೇ ಇರಿ, "ದುಡ್ಡು ಕೊಟ್ಟಾಗಿದೆ" ಅಂತ ಹೊರಡಬೇಡಿ. ರದ್ದು ಮಾಡಿದರೆ ಹಣ ವಾಪಸ್ ಬರುವ ಕೋಣೆಯನ್ನೇ ಹಿಡಿಯಿರಿ, ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ.

ಅಕ್ಟೋಬರ್-ನವೆಂಬರ್‌ಗೆ ಹೋಗುವ ಮನಸ್ಸಿದ್ದವರು ಕಂಪನಿಯಲ್ಲಿ ರಜೆ ಅರ್ಜಿ ಕೊಡುವಾಗಲೇ ಈ ವಿಷಯ ಮಾತಾಡಿ, ಒಪ್ಪಿಗೆ ಇಮೇಲ್‌ನಲ್ಲಿ ಬಂದ ಮೇಲೆ ಊರಿಗೆ ಫೋನ್ ಮಾಡಿ. ಅಪ್ಪ-ಅಮ್ಮನಿಗೆ ತಾರೀಖು ಎರಡು ತಿಂಗಳು ಮೊದಲೇ ತಿಳಿದರೆ ಅವರೂ ದಿನಾ ಸಂಜೆ ಸ್ವಲ್ಪ ನಡೆದು ಕಾಲಿಗೆ ಅಭ್ಯಾಸ ಮಾಡಿಕೊಳ್ಳುತ್ತಾರೆ, ಅಷ್ಟರಲ್ಲಿ ರೈಲಿನ ಬುಕಿಂಗೂ ತೆರೆದಿರುತ್ತದೆ.